ಮಿರ್ತಾ ನಿಮ್ಮ ಕರೆಯನ್ನು ನಿರಾಕರಿಸಿದ್ದಾರೆ

ನೋಡಿ, ನೆಲಿಡಾ ಮೂರ್ಖಳಲ್ಲ. ಇದನ್ನ ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಕಥೆ ಮುಗಿಯೋ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ಹಾಗೇ ಅಂತೀರ. ಮೊಂಡಿ ಅನ್ನಿ, ಒಪ್ಕೋತೀನಿ. ಹುಟ್ಟಾ ಮೊಂಡಿ. ಆದ್ರೆ ಮೂರ್ಖಳಲ್ಲ.

ಮೊಂಟೆವಿಡಿಯೊದ ಪಲೆರ್ಮೊ ಕೇರಿ, ನದಿ ಕಡೆ ಇಳಿಯೋ ರಸ್ತೆ. ಚಳಿಗಾಲದಲ್ಲಿ ಆ ರಸ್ತೇಲಿ ಗಾಳಿ ಹ್ಯಾಗೆ ನುಗ್ಗತ್ತೆ ಅಂದ್ರೆ, ಟೋಪಿ ಹಾಕ್ಕೊಂಡು ಹತ್ತಿದವನು ಬೋಳು ತಲೇಲಿ ಮೇಲೆ ಬರ್ತಾನೆ. ಅಲ್ಲೊಂದು ಹಳೇ ಮನೆ. ಕೆಳಗೆ ಪಂಕ್ಚರ್ ಅಂಗಡಿ, ಮಹಡಿ ಮೇಲೆ ಇವರ ಕಂಪನಿ. ಫೋನಲ್ಲಿ ಮುಖ ನೋಡ್ಕೊಂಡು ಮಾತಾಡೋ ಒಂದು ಆಪ್ ಮಾಡ್ತಾರೆ, ಹೆಸರು ತೆರೊ. ಹುಲ್ಲುಗಾವಲಲ್ಲಿ ಯಾರು ಕಾಲಿಟ್ರೂ ಗಂಟಲು ಹರ್ಕೊಂಡು ಕಿರುಚತ್ತಲ್ಲ, ಆ ಹಕ್ಕಿ ಹೆಸರು. ಮಾಲೀಕ ಫಾಕುಂದೊ ಅಂತ, ಇನ್ನೂ ಗಡ್ಡ ಸರಿಯಾಗಿ ಬಂದಿಲ್ಲ, ಆದ್ರೂ ಬಿಟ್ಟಿದಾನೆ. ನೆಲಿಡಾ ಅಲ್ಲಿ ಎಲ್ಲರಿಗಿಂತ ಹಿರಿಯಳು. ಹುಡುಗ್ರು ಬರೆದ ಸಾಫ್ಟ್‌ವೇರನ್ನ ಜನರ ಕೈಗೆ ಕೊಡೋ ಮುಂಚೆ ಹಿಂಡಿ ನೋಡೋದು ಇವಳ ಕೆಲಸ. ಬ್ಯಾಂಕಿನ ಕಂಪ್ಯೂಟರ್ ಕೋಣೇಲಿ ಶುರು ಮಾಡಿದವಳು, ಇದೇ ಕಸುಬಲ್ಲಿ ಕೂದ್ಲು ಬೆಳ್ಳಗೆ ಮಾಡ್ಕೊಂಡವಳು.

ಅವಳ ಮೇಜಿನ ಮೇಲೆ ಎರಡು ಫೋನು. ಒಂದಕ್ಕೆ ಎಡ ಅಂತ ಹೆಸರು, ಇನ್ನೊಂದಕ್ಕೆ ಬಲ. ಎರಡೂ ಯಾವಾಗಲೂ ಚಾರ್ಜಿಗೆ ಹಾಕಿರೋವೇ. ಎಡದಿಂದ ಬಲಕ್ಕೆ ಕರೆ ಮಾಡ್ತಾಳೆ, ತಾನೇ ಎತ್ತುತ್ತಾಳೆ.

"ಹಲೋ, ಕೇಳಿಸ್ತಾ?"

"ಕೇಳಿಸ್ತು."

ಎರಡೂ ಅವಳೇ. ಆಮೇಲೆ ಕೆಂಪು ಗುಂಡಿ ಒತ್ತಿ ಕಟ್ ಮಾಡ್ತಾಳೆ. 'ಬಲ ನಿಮ್ಮ ಕರೆಯನ್ನು ನಿರಾಕರಿಸಿದ್ದಾರೆ' ಅಂತ ಎಡದಲ್ಲಿ ಬರತ್ತೆ. ಸರಿ, ಅಂತ ಗುರುತು ಹಾಕ್ತಾಳೆ. ಹೀಗೇ ದಿನವಿಡೀ. ಧ್ವನಿ ಸರಿಯಾಗಿ ಹೋಗತ್ತಾ ಅಂತ ನೋಡೋಕ್ಕೆ ಏನಾದ್ರೂ ಮಾತಾಡ್ಬೇಕಲ್ಲ? ಮೊದಮೊದ್ಲು ಒಂದು ಎರಡು ಮೂರು ಅಂತ ಎಣಿಸ್ತಿದ್ಲು. ಆಮೇಲಾಮೇಲೆ, "ಇವತ್ತು ಮಾರ್ಕೆಟ್ಟಲ್ಲಿ ಕುಂಬಳಕಾಯಿ ಚೆನ್ನಾಗಿತ್ತು, ತಗೊಳ್ಳಲಿಲ್ಲ, ಒಬ್ಬಳಿಗೆ ಏನು ಮಾಡೋದು" ಅಂತ ಎಡಕ್ಕೆ ಹೇಳೋಳು. ಬಲದಲ್ಲಿ ತನ್ನ ಧ್ವನಿನೇ ಕೇಳಿಸ್ಕೊಳ್ಳೋಳು. ಚೆನ್ನಾಗಿ ಕೇಳಿಸ್ತಿತ್ತು. ಸಾಫ್ಟ್‌ವೇರು ಒಳ್ಳೇದು.

ಪರೀಕ್ಷೆ ನಡೆಯೋವಾಗ ಬೇರೆ ಫೋನು ಬಡ್ಕೋಬಾರ್ದು ಅಂತ ಅವಳದೊಂದು ನೇಮ. ತನ್ನ ಸ್ವಂತ ಫೋನನ್ನ ಬೆಳಿಗ್ಗೆ ಆಫ್ ಮಾಡಿ ಡ್ರಾಯರ್‌ಗೆ ಹಾಕಿದ್ರೆ, ಸಂಜೆ ಕೋಟು ಹಾಕ್ಕೊಳ್ಳೋವಾಗ್ಲೇ ತೆಗೆಯೋದು. ಇದನ್ನ ಜ್ಞಾಪಕದಲ್ಲಿ ಇಟ್ಕೊಳ್ಳಿ.

ಶುಕ್ರವಾರ ಸಂಜೆ ಎಲ್ಲ ಅಡುಗೆಮನೇಲಿ ಸೇರೋರು. ಸೋರೆಬುರುಡೇಲಿ ಮಾಟೆ ಅನ್ನೋ ಕಹಿ ಎಲೆ ಕಷಾಯ ಒಬ್ಬರ ಕೈಯಿಂದ ಒಬ್ಬರ ಕೈಗೆ ಸುತ್ತೋದು, ಜೊತೆಗೇ ಅಂಕ ಕೊಡೋದು. ಫಾಕುಂದೊ ಮಾಡಿದ ಪದ್ಧತಿ ಅದು. "ನನಗೆ ಪುಸ್ತಕದ ಪಾಂಡಿತ್ಯ ಬೇಡ. ವಾರವಿಡೀ ನೀವೇ ಬಳಸಿದೀರಲ್ಲ, ನಿಮ್ಮ ಅನುಭವ ಹೇಳಿ. ಐದಕ್ಕೆ ಎಷ್ಟು?" ಅಷ್ಟೇ. ರೊಮಿನಾ ಅನ್ನೋ ಹುಡುಗಿ ತನ್ನ ಹುಡುಗನ ಹತ್ರ ದಿನಕ್ಕೆ ಹತ್ತು ಸಲ ಮಾತಾಡೋಳು, ಅವನು ಫೋನನ್ನ ತಲೆದಿಂಬಿನ ಕೆಳಗೇ ಇಟ್ಕೊಳ್ಳೋ ಗಿರಾಕಿ. ಅವಳು ಐದು ಕೊಡೋಳು. ಮಿಕ್ಕವರೂ ಐದು, ನಾಲ್ಕೂವರೆ. ಆಮೇಲೆ ಇವಳ ಸರದಿ; ಹಿರಿಯ ಹೆಂಗಸಿಗೆ ಅಲ್ಲಿ ದೊನ್ಯಾ ಅಂತಾರೆ, ಗಂಡಸಿಗೆ ದೊನ್.

"ದೊನ್ಯಾ ನೆಲಿಡಾ?"

"ಐದು. ಒಂದ್ಸಲಾನೂ ಕೈ ಕೊಟ್ಟಿಲ್ಲ."

ಅವಳು ಆ ಮಾತನ್ನ ಮನಸಾರೆ ಹೇಳ್ತಿದ್ಲು. ಯಾಕೆ ಅಂದ್ರೆ, ತೆರೊನ ಅವಳು ಆಫೀಸಿನ ಹೊರಗೆ ಬಳಸ್ತಿದ್ದಿದ್ದು ಒಂದೇ ಒಂದು ಕೆಲಸಕ್ಕೆ, ತಂಗಿಗೆ ಕರೆ ಮಾಡೋಕ್ಕೆ. ಆ ತಂಗಿ ಕಟ್ ಮಾಡ್ತಿದ್ಲು. ಕಟ್ ಮಾಡಿದ್ಲು ಅಂತ ತೆರೊ ಹೇಳ್ತಿತ್ತು. ಇದರಲ್ಲಿ ಸಾಫ್ಟ್‌ವೇರಿನ ತಪ್ಪೇನು?

ತಂಗಿ ಮಿರ್ತಾ ಇರೋದು ಉತ್ತರಕ್ಕೆ, ತಕುವಾರೆಂಬೊ ಊರಿಂದ ಇನ್ನೂ ಒಳಗೆ, ಗಂಡನ ಕುರಿ ಫಾರ್ಮಲ್ಲಿ. ಅಲ್ಲಿ ಫೋನಿಗೆ ಸಿಗ್ನಲ್ ಬೇಕು ಅಂದ್ರೆ ಗಾಳಿಯಂತ್ರ ನಿಲ್ಲಿಸಿರೋ ದಿಬ್ಬ ಹತ್ಬೇಕು. ನೆಲಿಡಾಗೆ ಗಂಡ ಇಲ್ಲ, ಮಕ್ಕಳಿಲ್ಲ, ಭೂಮಿ ಮೇಲೆ ತನ್ನೋರು ಅಂತ ಇರೋದು ಆ ಮಿರ್ತಾ ಒಬ್ಬಳೇ. ಅಮ್ಮನನ್ನ ಕೊನೆವರೆಗೂ ನೋಡ್ಕೊಂಡಿದ್ದು ಮಿರ್ತಾ. ನೆಲಿಡಾ ಬಂದಿದ್ದು ಮಣ್ಣಿಗೆ. ಅವತ್ತು ಎಲ್ಲ ಹೋದ್ಮೇಲೆ, ಕಾಫಿ ಲೋಟ ತೊಳೀತಾ, ಮಿರ್ತಾ ತಿರುಗಿ ನೋಡದೇ ಅಂದ್ಲಂತೆ:

"ಡುಮ್ಮಿ, ನೀನು ಬರೀ ಫೋನಲ್ಲಿ ಮಗಳು ಕಣೇ."

ನೆಲಿಡಾ ಕಡ್ಡಿ ಥರ ಇದಾಳೆ. ಚಿಕ್ಕಂದಿನಿಂದ ಡುಮ್ಮಿ ಅಂತ್ಲೇ ಕರೆಯೋದು. ನೆಲಿಡಾ ತಂಗಿ ಫೋನ್ ಇಸ್ಕೊಂಡು, ತಾನೇ ತೆರೊ ಹಾಕಿ, "ಇದ್ರಲ್ಲಿ ಮುಖಾನೂ ಕಾಣತ್ತೆ, ಪ್ರತಿ ತಿಂಗಳು ನ್ಯೋಕಿ ದಿನ ಮಾಡ್ತೀನಿ" ಅಂತ ಹೇಳಿ ಬಸ್ ಹತ್ತಿದ್ಲು.

ನ್ಯೋಕಿ ದಿನ ಅಂದ್ರೆ ಇಪ್ಪತ್ತೊಂಬತ್ತನೇ ತಾರೀಕು. ಅವತ್ತು ಎಲ್ಲಾರ ಮನೇಲೂ ಆಲೂಗಡ್ಡೆ ಬೇಯಿಸಿ, ಹಿಟ್ಟು ಕಲಸಿ, ಬೆರಳಲ್ಲಿ ಒತ್ತಿ ನ್ಯೋಕಿ ಮಾಡ್ತಾರೆ, ತಟ್ಟೆ ಕೆಳಗೆ ಒಂದು ನೋಟು ಇಟ್ಕೊಂಡು ತಿಂತಾರೆ. ಒಬ್ಬರಿಗೋಸ್ಕರ ಯಾರೂ ಮಾಡಲ್ಲ, ಕೈ ತುಂಬಾ ಕೆಲಸ. ನೆಲಿಡಾ ಮಾಡ್ತಿದ್ಲು. ಮಾಡಿ, ತಟ್ಟೆ ಮುಂದೆ ಕೂತು, ತಂಗಿಗೆ ಕರೆ. ಮೊದಲ ತಿಂಗಳೇ ಬಂತು ಆ ಸಾಲು: 'ಮಿರ್ತಾ ನಿಮ್ಮ ಕರೆಯನ್ನು ನಿರಾಕರಿಸಿದ್ದಾರೆ.' ಎರಡನೇ ತಿಂಗಳೂ ಅದೇ. ಆಮೇಲೂ ಅದೇ. ಕೋಪ ಅಂತ ಇವಳಿಗೆ ಅರ್ಥ ಆಯ್ತು. ಕಟ್ ಮಾಡಿದವಳಿಗೆ ಬೇರೆ ದಾರೀಲಿ ಯಾಕೆ ಬೀಳ್ಬೇಕು ಅಂತ ಸಾದಾ ಕರೆ ಮಾಡ್ಲಿಲ್ಲ. ಮೊಂಡಿ ಅಂದ್ನಲ್ಲ. ಆದ್ರೆ ಪ್ರತಿ ಇಪ್ಪತ್ತೊಂಬತ್ತಕ್ಕೂ ತೆರೊಲಿ ಮಾಡೋದು ಬಿಡ್ಲಿಲ್ಲ. ಹೀಗೆ ವರ್ಷದ ಮೇಲಾಯ್ತು.

ಒಂದು ಇಪ್ಪತ್ತೊಂಬತ್ತು, ಮಧ್ಯಾಹ್ನ ಊಟ ಮುಗಿಸಿರ್ಬೇಕು ಎಲ್ಲ, ಒಬ್ಬ ಮುದುಕ ಮೆಟ್ಟಿಲು ಹತ್ಕೊಂಡು ಬಂದ. ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಸಿಹಿತಿಂಡಿ ಡಬ್ಬಿ. ಹೆಸರು ಮಿಲ್ಟನ್, ಮಿನಾಸ್ ಊರಿನವನು.

"ಈ ಹಕ್ಕಿ ಸಾಕಿರೋರು ಯಾರಪ್ಪಾ ಇಲ್ಲಿ?"

"ನಾವೇ ದೊನ್, ಬನ್ನಿ ಕೂತ್ಕೊಳ್ಳಿ" ಅಂತ ಫಾಕುಂದೊ ಕುರ್ಚಿ ಎಳೆದ. ಮಾಟೆ ಕೊಟ್ಟ.

ಮುದುಕ ಒಂದು ಗುಟುಕು ಹೀರಿದವನೇ ಮುಖ ಕಿವುಚಿದ. "ಸಕ್ಕರೆ ಹಾಕಿದೀಯಾ ಇದಕ್ಕೆ? ನಿಮ್ಮಮ್ಮನಿಗೆ ಗೊತ್ತಾ ಇದು?"

ಎಲ್ಲ ನಕ್ರು. ಮುದುಕ ತನ್ನ ಫ್ಲಾಸ್ಕಿಂದ್ಲೇ ಬೇರೆ ಮಾಡ್ಕೊಂಡ, ಸಿಹಿ ಡಬ್ಬಿ ಬಿಚ್ಚಿ ಎಲ್ಲರ ಮುಂದೆ ತಳ್ಳಿದ. ಆಮೇಲೆ ವಿಷಯಕ್ಕೆ ಬಂದ.

"ನಿಮ್ಮ ಆಪಲ್ಲಿ ಒಂದು ಮಾತಿದೆ. ಅದನ್ನ ಬದಲಾಯಿಸ್ಬೇಕಿತ್ತು. ಹೆಂಡ್ತಿಗೆ ಕರೆ ಮಾಡಿದ್ರೆ, ನಿರಾಕರಿಸಿದ್ಲು ಅಂತ ಬರತ್ತೆ. ಅದು ಸುಳ್ಳು."

ಫಾಕುಂದೊ ಗಡ್ಡ ಕೆರ್ಕೊಂಡ. "ದೊನ್, ನಾವೆಲ್ಲ ಇದನ್ನೇ ಬಳಸೋದು. ನಮ್ಮಲ್ಲಿ ಯಾರಿಗೂ ಈ ತೊಂದರೆ ಆಗಿಲ್ಲ. ಏನು, ದೊನ್ಯಾ?"

"ನಾನು ದಿನಾ ಬಳಸ್ತೀನಿ" ಅಂದ್ಲು ನೆಲಿಡಾ. "ಕೆಂಪು ಗುಂಡಿ ಒತ್ತಿದ್ರೇನೇ ಆ ಸಾಲು ಬರೋದು. ನನ್ನ ಕೈಯಾರೆ ಒತ್ತಿ ನೋಡಿದೀನಿ."

"ಹಂಗಂದ್ರೆ, ಅವಳೇ ಒತ್ತಿದ್ಲು ಅಂತೀರಾ?"

"ಬೇಜಾರ್ ಮಾಡ್ಕೋಬೇಡಿ. ಮನೆ ಅಂದ್ಮೇಲೆ ಇರತ್ತೆ. ನನ್ನ ತಂಗಿನೂ ಕಟ್ ಮಾಡ್ತಾಳೆ, ನಾನೇನು ಆಪ್ ಮೇಲೆ ದೂರು ಹೇಳ್ತೀನಾ?"

ಮುದುಕ ಅವಳ ಮುಖಾನೇ ನೋಡ್ದ.

"ಎಲ್ವಿರಾ ತೀರ್ಕೊಂಡು ಈ ಬೇಸಿಗೆಗೆ ವರ್ಷ ಆಗತ್ತೆ ತಾಯಿ."

ರೊಮಿನಾ ಬಾಯಲ್ಲಿದ್ದ ಸಿಹಿ ಹಾಗೇ ನಿಂತೋಯ್ತು. ಮುದುಕ ಕೋಟಿನ ಒಳಜೇಬಿಂದ ಒಂದು ಉಣ್ಣೆ ಚೀಲ ತೆಗೆದ, ಹೆಂಡ್ತಿ ಹೆಣೆದಿದ್ದು. ಒಳಗೆ ಅವಳ ಫೋನು. ಆಫ್ ಆಗಿತ್ತು.

"ಇದನ್ನ ಆನ್ ಮಾಡೋಕ್ಕೆ ನನಗೆ ಧೈರ್ಯ ಇಲ್ಲ. ಆದ್ರೆ ಕರೆ ಮಾಡ್ತೀನಿ. ಎತ್ತಲ್ಲ ಅಂತ ಗೊತ್ತು, ನನಗೇನು ಹುಚ್ಚು ಹಿಡಿದಿಲ್ಲ. ಕೆಲವು ಸಂಜೆ ಮಾಡ್ಬೇಕು ಅನ್ಸತ್ತೆ, ಮಾಡ್ತೀನಿ. ಅವಳು ಬದುಕಿದ್ದಾಗ ನನಗೆ ಬೈದಿದಾಳೆ, ಬಾಣಲೆ ಎಸೆದಿದಾಳೆ, ನಮ್ಮಣ್ಣನ ಮದುವೇಲಿ ಎಲ್ಲರ ಮುಂದೆ ಕತ್ತೆ ಅಂದಿದಾಳೆ. ಆದ್ರೆ ಕರೆದಾಗ ಬರಲ್ಲ ಅಂದವಳಲ್ಲ. ಸತ್ತ ಮೇಲೆ ನೀವು ಅನ್ನಿಸ್ಬೇಡಿ."

ಹೇಳ್ತಾ ಹೇಳ್ತಾನೇ ತನ್ನ ಫೋನಿಂದ ಒತ್ತಿ, ಮೇಜಿನ ಮೇಲಿಟ್ಟ. ಉಣ್ಣೆ ಚೀಲದ ಮೇಲೆ ಆ ಕಪ್ಪು ಫೋನು ಸುಮ್ನೆ ಬಿದ್ದಿತ್ತು. ಪಕ್ಕದಲ್ಲಿ ಇವನ ಫೋನಲ್ಲಿ ಸಾಲು ಮೂಡ್ತು: 'ಎಲ್ವಿರಾ ನಿಮ್ಮ ಕರೆಯನ್ನು ನಿರಾಕರಿಸಿದ್ದಾರೆ.'

ನೆಲಿಡಾ ಎದ್ದು ತನ್ನ ಮೇಜಿಗೆ ಹೋದ್ಲು. ಬಲ ಫೋನಿನ ಚಾರ್ಜರ್ ಕಿತ್ಲು, ಫೋನು ಆಫ್ ಮಾಡಿದ್ಲು. ಅಷ್ಟು ವರ್ಷದಲ್ಲಿ ಅದನ್ನ ಅವಳು ಆಫ್ ಮಾಡಿದ್ದೇ ಇಲ್ಲ. ಯಾಕೆ ಮಾಡ್ತಾಳೆ? ಕರೆ ಮಾಡೋಳೂ ಅವಳೇ, ಎತ್ತೋಳೂ ಅವಳೇ, ಆಚೆ ಕಡೆ ಯಾರೂ ಇಲ್ಲದೇ ಇರೋದು ಅಂತ ಒಂದು ಇದೆ ಅನ್ನೋದೇ ಆ ಮೇಜಿಗೆ ಗೊತ್ತಿರ್ಲಿಲ್ಲ. ಎಡದಿಂದ ಕರೆ ಮಾಡಿದ್ಲು. 'ಬಲ ನಿಮ್ಮ ಕರೆಯನ್ನು ನಿರಾಕರಿಸಿದ್ದಾರೆ.'

ಅವಳು ಅಲ್ಲೇ ನಿಂತ್ಲು. ಗಾಳಿಯಂತ್ರದ ದಿಬ್ಬ. ಸಿಗ್ನಲ್ ಇಲ್ಲದ ಮನೆ. ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತು.

ಫಾಕುಂದೊ ಹಿಂದಿಂದ ಬಂದು ನೋಡ್ದ. ಕಿವಿ ಕೆಂಪಾಯ್ತು. "ಅದು... ಆಚೆ ಕಡೆಯಿಂದ ಉತ್ತರ ಬರದೇ ಇದ್ರೂ, ಕಟ್ ಮಾಡಿದ್ರೂ, ಒಂದೇ ಸಂದೇಶ ಸಾಕು ಅಂತ ನಾನೇ ಬಿಟ್ಟಿದ್ದೆ. ಮಾತಾಡೋಕ್ಕಂತೂ ಆಗಲ್ಲ. ಎರಡೂ ಒಂದೇ ತಾನೇ ಅಂತ."

"ಎರಡೂ ಒಂದೇನಾ?"

"ನೀವೂ ಐದು ಕೊಟ್ರಲ್ಲ ದೊನ್ಯಾ."

ಕೊಟ್ಟಿದ್ಲು. ಮುದುಕನಿಗೆ, ಸರಿ ಮಾಡ್ತೀವಿ, ಮಾಡಿ ನಿಮಗೆ ತಿಳಿಸ್ತೀವಿ ಅಂತ ಅವಳೇ ಹೇಳಿ, ಬಸ್ ಸ್ಟಾಪಿನವರೆಗೂ ಹೋಗಿ ಕಳಿಸಿ ಬಂದ್ಲು. ಅವನು ಹತ್ತೋವಾಗ, "ನಿಮ್ಮ ತಂಗಿಗೂ ಒಂದ್ಸಲ ಬೇರೆ ಥರ ಮಾಡಿ ನೋಡಿ" ಅಂದ. ಒಳ್ಳೇ ಮನುಷ್ಯ.

ಸಂಜೆ ಮನೆಗೆ ಹೋದವಳು ಆಲೂಗಡ್ಡೆ ಬೇಯೋಕ್ಕೆ ಇಟ್ಲು. ಇಟ್ಟು, ಫಾರ್ಮಿನ ಮನೆ ಫೋನಿಗೆ ಮಾಡಿದ್ಲು. ಮಿರ್ತಾ ಮದುವೆ ಆದ ಕಾಲದಿಂದ್ಲೂ ಅದೇ ನಂಬರು, ಬಾಯಿಪಾಠ. ಗೋಡೆ ಮೇಲಿನ ಹಳೇ ಡಬ್ಬಾ ಅದು, ಯಾವಾಗಲೂ ರಿಂಗ್ ಆಗತ್ತೆ. ತಂಗಿ ಗಂಡ ಎತ್ತಿದ. "ಇರು, ಕರೀತೀನಿ" ಅಂದ. ನಾಯಿ ಬೊಗಳಿದ್ದು ಕೇಳಿಸ್ತು, ಬಾಗಿಲು ಹಾಕಿದ್ದು ಕೇಳಿಸ್ತು.

"ಏನು ಡುಮ್ಮಿ. ಯಾರಾದ್ರೂ ಸತ್ರಾ?"

"ಇಲ್ಲ ಕಣೇ. ಇವತ್ತು ಇಪ್ಪತ್ತೊಂಬತ್ತು."

"ನನಗೂ ಕ್ಯಾಲೆಂಡರ್ ಇದೆ."

"ಮಿರ್ತಾ, ಕೇಳು. ನಾನು ಪ್ರತಿ ತಿಂಗಳು ಮಾಡ್ದೆ ಕಣೇ. ನೀನು ಕಟ್ ಮಾಡ್ತೀಯ ಅಂತ ಬರ್ತಿತ್ತು. ಅದು ಸುಳ್ಳು ಹೇಳ್ತಿತ್ತು, ಇವತ್ತು ಗೊತ್ತಾಯ್ತು. ಸಿಗ್ನಲ್ ಇಲ್ಲದಿದ್ರೂ ಅದೇ ತೋರ್ಸತ್ತೆ. ಅದು ಸಾಫ್ಟ್‌ವೇರಿನ ತಪ್ಪು."

ಆಕಡೆ ನಾಯಿ ಮತ್ತೆ ಬೊಗಳ್ತು.

"ಕೇಳಿಸ್ತಾ?"

"ಕೇಳಿಸ್ತು. ಹಂಗಾದ್ರೆ ನೀನೂ ಕಟ್ ಮಾಡಿಲ್ಲ ಅನ್ನು."

"ಯಾವಾಗ?"

"ನನಗೆ ಪಿತ್ತಕೋಶ ತೆಗೆದ್ರಲ್ಲ. ಆಸ್ಪತ್ರೇಲಿ. ಒಳಗೆ ಕರ್ಕೊಂಡು ಹೋಗೋ ಮುಂಚೆ ನಿನಗೆ ಮಾಡ್ದೆ. ಊರಲ್ಲಿ ಸಿಗ್ನಲ್ ಚೆನ್ನಾಗೇ ಇತ್ತು. ಮಂಗಳವಾರ ಬೆಳಿಗ್ಗೆ. ನೆಲಿಡಾ ನಿಮ್ಮ ಕರೆಯನ್ನು ನಿರಾಕರಿಸಿದ್ದಾರೆ ಅಂತ ಬಂತು. ಮತ್ತೆ ಮಾಡ್ದೆ. ಮತ್ತೆ ಅದೇ. ನರ್ಸ್ ನೋಡ್ತಿದ್ಲು. ರಾಂಗ್ ನಂಬರ್ ಅಂದೆ ಅವಳಿಗೆ."

ನೆಲಿಡಾ ಒಲೆ ಆರಿಸಿದ್ಲು. ಮಂಗಳವಾರ ಬೆಳಿಗ್ಗೆ ಅವಳ ಫೋನು ಡ್ರಾಯರಲ್ಲಿತ್ತು. ಮೇಜಿನ ಮೇಲೆ ಎಡ ಬಲಕ್ಕೆ ಕುಂಬಳಕಾಯಿ ಬೆಲೆ ಹೇಳ್ತಿತ್ತು.

"ಆಪರೇಷನ್ ಆಗಿದ್ದು ನನಗೆ ಗೊತ್ತೇ ಇಲ್ಲ ಮಿರ್ತಾ."

"ಹ್ಯಾಗೆ ಗೊತ್ತಾಗತ್ತೆ? ಈ ಗೋಡೆ ಫೋನು ಇಲ್ಲೇ ಇತ್ತಲ್ಲ. ಬಸ್ಸೂ ಓಡಾಡ್ತಿತ್ತು. ನಿನ್ನ ಆಪ್ ಹೇಳ್ತು ಅಂತ ನೀನು ನಂಬಿಬಿಟ್ಟೆ."

"ನೀನೂ ನಂಬಿದೆ."

"ನಾನು ಹೊಟ್ಟೆ ಕೊಯ್ಸ್ಕೊಂಡು ಬಿದ್ದಿದ್ದೆ ಕಣೇ, ನಾನು ನಂಬಬಹುದು. ಅದೂ ಅಲ್ದೆ, ನೀನು ಹಾಗೆ ಮಾಡೋಳೇ ಅಂತ ಅನ್ನಿಸ್ತು. ಅಮ್ಮನ ವಿಷಯದಲ್ಲಿ ನೋಡಿದ್ನಲ್ಲ."

ನೆಲಿಡಾ ಆಲೂಗಡ್ಡೆ ಪಾತ್ರೆಗೆ ಮುಚ್ಚಳ ಹಾಕಿದ್ಲು. ತನಗೂ ಹಾಗೇ ಅನ್ನಿಸಿತ್ತು. ಮಿರ್ತಾ ಕಟ್ ಮಾಡೋಳೇ ಅಂತ. ಆ ಸಾಲು ಸರಿಯಾಗಿ ಹೊಂದ್ಕೊಂಡಿದ್ದಕ್ಕೇ ಅಲ್ವಾ ಅದನ್ನ ಇವಳು ಒಂದ್ಸಲಾನೂ ಅನುಮಾನಿಸ್ಲಿಲ್ಲ?

"ಬರ್ಲಾ ಅಲ್ಲಿಗೆ?" ಅಂದ್ಲು.

"ಈಗ ಏನು ಮಾಡ್ತೀಯ ಬಂದು. ಗಾಯ ಮಾಗಿದೆ. ಕುರಿ ಮರಿ ಹಾಕೋ ಕಾಲ, ನಮಗೂ ಪುರುಸೊತ್ತಿಲ್ಲ." ಆಮೇಲೆ ಸ್ವಲ್ಪ ಇಳಿದ ದನೀಲಿ, "ನೀನಿಲ್ಲದೇ ಅಭ್ಯಾಸ ಆಗೋಯ್ತು ಡುಮ್ಮಿ, ಅಷ್ಟೇ. ನಾನೇ ಮಾಡ್ತೀನಿ ಬಿಡು, ಯಾವಾಗಲಾದ್ರೂ."

ಮಾಡ್ಲಿಲ್ಲ.

ನೆಲಿಡಾ ಕೆಲಸಕ್ಕೆ ಬಿದ್ಲು. ಕಚ್ಚೆ ಕಟ್ಟಿ ಅಂತಾರಲ್ಲ, ಹಾಗೆ. ಬಲ ಫೋನನ್ನ ಆಫ್ ಮಾಡಿ ನೋಡಿದ್ಲು, ಬ್ಯಾಟರಿ ಸಾಯಿಸಿ ನೋಡಿದ್ಲು, ಬಿಸ್ಕತ್ ಡಬ್ಬೀಲಿ ಮುಚ್ಚಿ ನೋಡಿದ್ಲು, ಪಂಕ್ಚರ್ ಅಂಗಡಿಯವನ ಕೈಗೆ ಕೊಟ್ಟು "ರಿಂಗ್ ಆದ್ರೂ ಎತ್ಬೇಡ" ಅಂದ್ಲು. ಅವನು, "ನನ್ನ ಹೆಂಡ್ತಿ ಫೋನಿಗೂ ಅದನ್ನೇ ಮಾಡ್ತೀನಿ ದೊನ್ಯಾ, ಕೈ ಪಳಗಿದೆ" ಅಂದ. ಫಾಕುಂದೊ ಪಕ್ಕದಲ್ಲೇ ಕೂತು ತಿದ್ದಿದ. ಹೊಸ ಸಾಲು ಏನಿರ್ಬೇಕು ಅಂತ ಮಾತ್ರ ಜಗಳ ಆಯ್ತು. ಹುಡುಗ್ರು, 'ದಯವಿಟ್ಟು ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ' ಅಂತ ಹಾಕೋಣ ಅಂದ್ರು. ಬೇಡ ಅಂದ್ಲು ನೆಲಿಡಾ. ಮಿನಾಸ್‌ನ ಮುದುಕ ಎಷ್ಟು ಹೊತ್ತಿನ ನಂತರ ಪ್ರಯತ್ನಿಸ್ಬೇಕು? ಕೊನೆಗೆ ಅವಳೇ ಬರೆದ್ಲು: 'ಅವರ ಫೋನು ಸಿಗುತ್ತಿಲ್ಲ. ಕಾರಣ ನಮಗೆ ಗೊತ್ತಿಲ್ಲ.'

"ಗೊತ್ತಿಲ್ಲ ಅಂತ ಯಾವ ಕಂಪನಿ ಬರೆಯತ್ತೆ ದೊನ್ಯಾ?"

"ಗೊತ್ತಿಲ್ದೇ ಇರೋ ಕಂಪನಿ."

ಹೊಸದು ಜನರ ಕೈಗೆ ಹೋದ ದಿನ ಮುದುಕನಿಗೆ ತಿಳಿಸಿದ್ಲು. ಸಂಜೆ ಅವನು ವಾಪಸ್ ಕರೆ ಮಾಡ್ದ. "ನೋಡ್ದೆ" ಅಂದ. "ಇದು ಪರವಾಗಿಲ್ಲ. ನನಗೂ ಗೊತ್ತಿಲ್ಲ ಕಾರಣ." ಆಮೇಲೆ ಅವನು, ಮಿನಾಸ್ ಕಡೆ ಬಂದ್ರೆ ಸಕ್ಕರೆ ಇಲ್ಲದ ಮಾಟೆ ಕುಡಿಸ್ತೀನಿ ಅಂದ.

ಮತ್ತೆ ಇಪ್ಪತ್ತೊಂಬತ್ತು ಬಂತು, ಗುರುವಾರ. ನೆಲಿಡಾ ನ್ಯೋಕಿ ಮಾಡಿದ್ಲು, ತಟ್ಟೆ ಕೆಳಗೆ ನೋಟಿಟ್ಲು, ಕೂತ್ಲು. ಗೋಡೆ ಫೋನಿಗೆ ಮಾಡ್ಬಹುದಿತ್ತು. ಅದಕ್ಕೆ ಮಾಡಿದ್ರೆ ತಂಗಿ ಗಂಡ ಎತ್ತುತ್ತಾನೆ, ಮಿರ್ತಾ ಬೇಕೋ ಬೇಡವೋ ಬಂದು ನಿಲ್ಬೇಕು. ಅದು ಬೇಡ ಅನ್ನಿಸ್ತು. ತೆರೊ ತೆಗೆದು ತಂಗಿ ಹೆಸರು ಒತ್ತಿದ್ಲು.

'ಅವರ ಫೋನು ಸಿಗುತ್ತಿಲ್ಲ. ಕಾರಣ ನಮಗೆ ಗೊತ್ತಿಲ್ಲ.'

ತಾನು ಬರೆದ ಸಾಲು. ಓದಿ, ಎರಡು ನ್ಯೋಕಿ ತಿಂದ್ಲು. ಮಿರ್ತಾ ಮನೇಲಿದಾಳೆ ಅಂತ ಕಾಣತ್ತೆ, ದಿಬ್ಬದ ಕೆಳಗೆ. ನೆಲಿಡಾ ಬಟ್ಟೆ ಒಗೆದು ಹರವಿದ್ಲು, ರೇಡಿಯೋ ಹಾಕಿದ್ಲು, ಆರಿಸಿದ್ಲು. ಕಿಟಕಿ ಹೊರಗೆ ಗಾಳಿ ಹಾಗೇ ಇತ್ತು. ಮತ್ತೆ ಒತ್ತಿದ್ಲು.

ಈ ಸಲ ರಿಂಗ್ ಆಯ್ತು. ನಿಜವಾಗ್ಲೂ ರಿಂಗ್ ಆಯ್ತು, ಆ ಹಕ್ಕಿ ಕೂಗು. ದಿಬ್ಬ ಹತ್ತಿದಾಳೆ ಅಂತ ಅರ್ಥ. ನೆಲಿಡಾ ಕೂದ್ಲು ಸರಿ ಮಾಡ್ಕೊಂಡ್ಲು, ಮುಖ ಕಾಣತ್ತಲ್ಲ. ತಟ್ಟೆನೂ ಕಾಣ್ಲಿ ಅಂತ ಫೋನನ್ನ ಸ್ವಲ್ಪ ಓರೆ ಮಾಡಿ ಹಿಡಿದ್ಲು. ಹಕ್ಕಿ ಕೂಗ್ತಾ ಇತ್ತು, ಕೂಗ್ತಾ ಇತ್ತು, ತಟಕ್ ಅಂತ ನಿಂತೋಯ್ತು.

'ಮಿರ್ತಾ ನಿಮ್ಮ ಕರೆಯನ್ನು ನಿರಾಕರಿಸಿದ್ದಾರೆ.'

ಅವಳು ಅದನ್ನ ಬಹಳ ಹೊತ್ತು ನೋಡಿದ್ಲು. ಈ ಸಾಲು ಈಗ ಸುಮ್ನೆ ಬರಲ್ಲ. ಅವಳೇ ಕಾವಲಿದ್ದು ತಿದ್ದಿಸಿದಾಳೆ. ದಿಬ್ಬದ ಮೇಲೆ ಗಾಳೀಲಿ ನಿಂತು, ಹೆಸರು ನೋಡಿ, ಹೆಬ್ಬೆರಳಲ್ಲಿ ಕೆಂಪು ಗುಂಡಿ ಒತ್ತಿದ್ರೇನೇ ಬರೋದು.

ತಣ್ಣಗಾದ ನ್ಯೋಕಿನ ಪೂರ್ತಿ ತಿಂದ್ಲು. ತಟ್ಟೆ ತೊಳೆದ್ಲು.

ಮಾರನೇ ದಿನ ಶುಕ್ರವಾರ. ಅಡುಗೆಮನೇಲಿ ಎಲ್ಲ ಸೇರಿದ್ರು, ಮಾಟೆ ಸುತ್ತು ಬಂತು, ಈಗ ಸಕ್ಕರೆ ಹಾಕಲ್ಲ. ರೊಮಿನಾ ಐದು ಅಂದ್ಲು. ಫಾಕುಂದೊ ಸ್ವಲ್ಪ ಅಳುಕಿಂದ್ಲೇ ಇವಳ ಕಡೆ ತಿರುಗ್ದ.

"ದೊನ್ಯಾ ನೆಲಿಡಾ?"

"ಐದು."

"ಬಳಸಿದ್ರಾ ಈ ವಾರ? ಆಫೀಸಲ್ಲಲ್ಲ, ಮನೇಲಿ?"

"ಹೂಂ. ನಿನ್ನೆ ತಂಗಿಗೆ ಮಾಡ್ದೆ."

"ಓ! ಮಾತಾಡಿದ್ರಾ?"

"ಇಲ್ಲ. ಕಟ್ ಮಾಡಿದ್ಲು."

ನೆಲಿಡಾ ಮಾಟೆ ಹೀರಿ, ಬುರುಡೆನ ಪಕ್ಕದವರ ಕೈಗೆ ದಾಟಿಸಿದ್ಲು.

"ಸರಿಯಾಗೇ ಹೇಳ್ತು" ಅಂದ್ಲು. "ಐದು ಹಾಕ್ಕೊಳ್ಳಿ."